ಗೇರು ಹಾಕುವುದನ್ನು ಎಲ್ಲರೂ ಕಲಿಯಬೇಕೆ?

ಎರಡು ವರ್ಷಗಳ ಹಿಂದೆ, ಬೇಸಿಗೆಯ ರಜೆಯಲ್ಲಿ, ನಮ್ಮ ಮನೆಯಲ್ಲಿ ಒಂದು ಚಿಕ್ಕ ವ್ಯಾಜ್ಯ ಹುಟ್ಟಿಕೊಂಡಿತು. ನನ್ನ ಅಕ್ಕನ ಮಗಳಿಗೆ ಆಗ ತಾನೆ ಹದಿನೆಂಟು ತುಂಬಿತ್ತು. ಪರೀಕ್ಷೆಗಳು ಮುಗಿದಿದ್ದವು, ಕಾರು ನಡೆಸುವುದನ್ನು ಕಲಿಯಬೇಕೆಂದು ಅವಳು ಹಟ ಹಿಡಿದಿದ್ದಳು. ಕಲಿಯುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಯಾವ ಬಗೆಯ ಕಾರಿನಲ್ಲಿ ಕಲಿಯಬೇಕೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. "ಕ್ಲಚ್ಚು ಒತ್ತಿ ಗೇರು ಹಾಕಲು ಬಾರದವರು ಚಾಲಕರೇ ಅಲ್ಲ" ಎಂಬುದು ಭಾವನವರ ತೀರ್ಪು. "ಯಂತ್ರವೇ ಮಾಡುವ ಕೆಲಸವನ್ನು ನಾನೇಕೆ ಕಲಿಯಲಿ? ಮುಂದೆ ಬರುವ ಕಾರುಗಳಲ್ಲಿ ಗೇರೇ ಇರುವುದಿಲ್ಲವಂತೆ. ಅಲ್ಲವೆ, ಮಾವ?" ಎಂದು ಹುಡುಗಿ ನನ್ನ ಕಡೆ ತಿರುಗಿದಳು. ಕಾಲೇಜಿನಲ್ಲಿ ಭೌತವಿಜ್ಞಾನ ಹೇಳಿಕೊಡುವವನೆಂಬ ಕಾರಣಕ್ಕೆ ನ್ಯಾಯಾಧೀಶನ ಪೀಠ ನನ್ನ ಪಾಲಿಗೆ ಬಂದಿತ್ತು.

ತೀರ್ಪು ಕೊಡುವ ಮೊದಲು ಸಾಕ್ಷ್ಯವನ್ನು ಕೇಳಬೇಕಷ್ಟೆ. ಗೇರು ಎಂದರೇನು, ಅದು ಕಾರಿನೊಳಕ್ಕೆ ಏಕೆ ಬಂದಿತು, ಅದನ್ನು ಬದಲಾಯಿಸುವ ಭಾರವನ್ನು ಯಂತ್ರಕ್ಕೆ ವಹಿಸಿಕೊಟ್ಟಾಗ ನಮ್ಮ ಕೈಯಲ್ಲಿ ಉಳಿಯಬೇಕಾದುದೇನು ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. (ಕರಾವಳಿಯ ವಾಚಕರು ಕ್ಷಮಿಸಬೇಕು, ಇಲ್ಲಿ ಪ್ರಸ್ತಾಪವಾಗುವುದು ಗೇರುಬೀಜದ ಗೇರಲ್ಲ, ಹಲ್ಲುಚಕ್ರಗಳ ಗೇರು.)

ಎಂಜಿನ್ನಿನ ಒಂದು ಕೊರತೆ

ಗಾಡಿ ಕೆಸರಿನಲ್ಲಿ ಸಿಕ್ಕಿಕೊಂಡಾಗ ಎತ್ತುಗಳು ಒಂದು ಹೆಜ್ಜೆಯನ್ನೂ ಇಡದೆ, ನಿಂತಲ್ಲಿಯೇ ನೊಗಕ್ಕೆ ಹೆಗಲು ಕೊಟ್ಟು ಎಳೆಯುವುದನ್ನು ಹಳ್ಳಿಯ ವಾಚಕರು ಕಂಡಿರಬಹುದು. ಎತ್ತು ನಿಂತಿದ್ದರೂ ಅದರ ಬಲ ಗಾಡಿಯ ಮೇಲೆ ಬೀಳುತ್ತಿರುತ್ತದೆ. ಪೆಟ್ರೋಲು ಎಂಜಿನ್ನಿಗೆ ಈ ವಿದ್ಯೆ ತಿಳಿಯದು. ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಕ್ಕೆಳೆದುಕೊಳ್ಳುವುದು, ಅದನ್ನು ಒತ್ತುವುದು, ಉರಿಸುವುದು, ಉರಿದ ಅನಿಲವನ್ನು ಹೊರದೂಡುವುದು ಎಂಬ ನಾಲ್ಕು ಕೆಲಸಗಳು ಒಂದರ ಹಿಂದೆ ಒಂದರಂತೆ ನಡೆಯುತ್ತಿದ್ದರೆ ಮಾತ್ರ ಅದಕ್ಕೆ ಜೀವ. ಅಂದರೆ ಎಂಜಿನು ತಿರುಗುತ್ತಲೇ ಇರಬೇಕು. ಏನೂ ಕೆಲಸವಿಲ್ಲದೆ ಸುಮ್ಮನೆ ಗುನುಗುಟ್ಟುತ್ತಿರುವಾಗಲೂ ಅದು ನಿಮಿಷಕ್ಕೆ ಸುಮಾರು ೮೦೦ ಸುತ್ತು ತಿರುಗುತ್ತಿರುತ್ತದೆ. ಅದಕ್ಕಿಂತ ಬಹಳ ಕೆಳಗಿಳಿದರೆ ನಿಂತುಹೋಗುತ್ತದೆ. ಮೇಲಿನ ಮಿತಿ, ಸಾಮಾನ್ಯ ಕಾರುಗಳಲ್ಲಿ, ನಿಮಿಷಕ್ಕೆ ಸುಮಾರು ೬೦೦೦ ಸುತ್ತು.

ಈಗ ಚಕ್ರದ ಕಡೆ ನೋಡೋಣ. ಒಂದು ಚಿಕ್ಕ ಕಾರಿನ ಚಕ್ರದ ಪರಿಧಿ ಸುಮಾರು ೧.೮ ಮೀಟರೆಂದು ಇಟ್ಟುಕೊಳ್ಳಿ. ಚಕ್ರ ಒಂದು ಸುತ್ತು ತಿರುಗಿದರೆ ಕಾರು ೧.೮ ಮೀಟರು ಮುಂದೆ ಹೋಗುತ್ತದೆ. ಎಂಜಿನ್ನಿನ ದಂಡವನ್ನು ನೇರವಾಗಿ ಚಕ್ರಕ್ಕೆ ಜೋಡಿಸಿದರೆ ಏನಾಗಬೇಕು? ೮೦೦ ಸುತ್ತಿಗೆ ೧೪೪೦ ಮೀಟರು. ಗಂಟೆಗೆ ಸುಮಾರು ೮೬ ಕಿಲೊಮೀಟರು! ಎಂಜಿನು ಆಕಳಿಸುತ್ತಾ ಕುಳಿತಿರುವಾಗಲೇ ಕಾರು ಹೆದ್ದಾರಿಯ ವೇಗದಲ್ಲಿ ಓಡುತ್ತಿರಬೇಕು. ಅದಕ್ಕಿಂತ ನಿಧಾನವಾಗಿ ಹೋಗಬೇಕೆಂದರೆ ಎಂಜಿನು ಸಾಯಬೇಕು. ಇಂತಹ ಕಾರನ್ನು ಮನೆಯ ಅಂಗಳದಿಂದ ಬೀದಿಗೆ ಇಳಿಸುವುದು ಸಾಧ್ಯವೆ?

ಆದುದರಿಂದ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಒಬ್ಬ ಮಧ್ಯಸ್ಥ ಬೇಕಾಯಿತು. ಅದೇ ಗೇರುಪೆಟ್ಟಿಗೆ. ಚಿಕ್ಕ ಹಲ್ಲುಚಕ್ರವೊಂದು ದೊಡ್ಡ ಹಲ್ಲುಚಕ್ರವನ್ನು ತಿರುಗಿಸಿದಾಗ ದೊಡ್ಡದು ನಿಧಾನವಾಗಿ ತಿರುಗುತ್ತದೆ. ಸಾಮಾನ್ಯ ಕಾರೊಂದರ ಮೊದಲನೆಯ ಗೇರಿನಲ್ಲಿ ಎಂಜಿನು ಸುಮಾರು ೧೪ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಆಗ ೮೦೦ ಸುತ್ತಿಗೆ ಕಾರಿನ ವೇಗ ಗಂಟೆಗೆ ಸುಮಾರು ೬ ಕಿಲೊಮೀಟರು. ಮನುಷ್ಯನ ಬಿರುಸು ನಡಿಗೆಯಷ್ಟು. ಐದನೆಯ ಗೇರಿನಲ್ಲಾದರೋ ಎಂಜಿನ್ನಿನ ೩.೨ ಸುತ್ತಿಗೆ ಚಕ್ರದ ಒಂದು ಸುತ್ತು. ನಿಮಿಷಕ್ಕೆ ೨೦೦೦ ಸುತ್ತಿನಲ್ಲಿ ಎಂಜಿನು ಹಾಯಾಗಿ ತಿರುಗುತ್ತಿರುವಾಗ ಕಾರು ಗಂಟೆಗೆ ೬೭ ಕಿಲೊಮೀಟರು ಓಡುತ್ತದೆ. ಇದೇ ವೇಗವನ್ನು ಮೊದಲನೆಯ ಗೇರಿನಲ್ಲಿ ಸಾಧಿಸಲು ಹೊರಟರೆ ಎಂಜಿನು ನಿಮಿಷಕ್ಕೆ ೮೭೦೦ ಸುತ್ತಿಗಿಂತಲೂ ಹೆಚ್ಚು ತಿರುಗಬೇಕಾಗುತ್ತದೆ. ಅದು ಅದರ ಶಕ್ತಿಗೆ ಮೀರಿದ ಮಾತು.

ವೇಗ ಕೊಟ್ಟು ಬಲ ಕೊಳ್ಳುವ ವ್ಯಾಪಾರ

ವೇಗವನ್ನು ಹೊಂದಿಸುವುದು ಗೇರಿನ ಅರ್ಧ ಕೆಲಸ ಮಾತ್ರ. ಉಳಿದ ಅರ್ಧವನ್ನು ಸನ್ನೆಗೋಲಿನಿಂದ ಬಂಡೆ ಎಬ್ಬಿಸುವವನು ಬಲ್ಲ. ಅವನ ಕೈ ಒಂದು ಮೊಳ ಇಳಿದರೆ ಬಂಡೆ ಒಂದು ಬೆರಳಿನಷ್ಟು ಏಳುತ್ತದೆ. ದೂರದಲ್ಲಿ ಕಳೆದುಕೊಂಡುದನ್ನು ಅವನು ಬಲದಲ್ಲಿ ಗಳಿಸುತ್ತಾನೆ. ಹಲ್ಲುಚಕ್ರಗಳು ಎಡೆಬಿಡದೆ ತಿರುಗುವ ಸನ್ನೆಗೋಲುಗಳೇ. ಚಕ್ರದ ವೇಗ ೧೪ ಪಟ್ಟು ಕಡಮೆಯಾದರೆ ಅದನ್ನು ತಿರುಗಿಸುವ ಬಲ, ಘರ್ಷಣೆಯಲ್ಲಿ ನಷ್ಟವಾಗುವ ಅಲ್ಪಭಾಗವನ್ನು ಬಿಟ್ಟರೆ, ೧೪ ಪಟ್ಟು ಹೆಚ್ಚುತ್ತದೆ. ಇಲ್ಲಿ ಪುಕ್ಕಟೆಯಾಗಿ ದೊರೆಯುವುದು ಏನೂ ಇಲ್ಲ. ವೇಗವನ್ನು ಕೊಟ್ಟು ಬಲವನ್ನು ಕೊಳ್ಳುವ ವ್ಯಾಪಾರವಷ್ಟೆ.

ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ಪ್ರಯಾಣಿಕರೂ ಸೇರಿ ೧೨೦೦ ಕಿಲೋಗ್ರಾಂ ತೂಗುವ ಕಾರು, ಹತ್ತು ಮೀಟರಿಗೆ ಒಂದು ಮೀಟರು ಏರುವ ರಸ್ತೆಯನ್ನು ಹತ್ತಬೇಕಾಗಿದೆ. ಕಾರನ್ನು ಹಿಂದಕ್ಕೆಳೆಯುವ ಬಲ ಸುಮಾರು ೧೧೮೦ ನ್ಯೂಟನ್. ಚಕ್ರದ ತ್ರಿಜ್ಯ ೦.೨೯ ಮೀಟರಿಗಿಂತ ಸ್ವಲ್ಪ ಕಡಮೆ. ಆದುದರಿಂದ ಚಕ್ರಕ್ಕೆ ಬೇಕಾದ ತಿರುಗುಬಲ ಸುಮಾರು ೩೪೦ ನ್ಯೂಟನ್-ಮೀಟರು. ಎಂಜಿನು ಹೆಚ್ಚೆಂದರೆ ೧೦೦ ನ್ಯೂಟನ್-ಮೀಟರು ಕೊಡಬಲ್ಲುದೆಂದು ಇಟ್ಟುಕೊಂಡರೆ, ಐದನೆಯ ಗೇರಿನಲ್ಲಿ ಚಕ್ರಕ್ಕೆ ತಲಪುವುದು ೩೨೦. ಏರಿಗೇ ಅದು ಸಾಲದು; ಗಾಳಿಯ ತಡೆ, ಟೈರಿನ ತಡೆಗಳ ಮಾತು ಹಾಗಿರಲಿ. ಎರಡನೆಯ ಗೇರಿಗೆ ಇಳಿಸಿದೊಡನೆ ಅದೇ ಎಂಜಿನು ಚಕ್ರಕ್ಕೆ ೭೫೦ಕ್ಕೂ ಹೆಚ್ಚು ನ್ಯೂಟನ್-ಮೀಟರು ಒದಗಿಸುತ್ತದೆ; ಕಾರು ಸರಾಗವಾಗಿ ಏರುತ್ತದೆ. ಏರಿನಲ್ಲಿ ಗೇರು ಇಳಿಸುವುದರ ಗುಟ್ಟು ಇಷ್ಟೆ.

ಒಬ್ಬ ಗೃಹಿಣಿಯ ಪ್ರಯಾಣ

ಈ ಗುಟ್ಟನ್ನು ರಸ್ತೆಯ ಮೇಲೆ ಅನುಭವಿಸಿ ತಿಳಿದ ಮೊದಲಿಗರಲ್ಲಿ ಒಬ್ಬಾಕೆ ಬರ್ತಾ ಬೆಂಜ್. ಆಕೆಯ ಪತಿ ಕಾರ್ಲ್ ಬೆಂಜ್ ೧೮೮೬ರಲ್ಲಿ ಜರ್ಮನಿಯಲ್ಲಿ ತನ್ನ ಮೂರು ಚಕ್ರಗಳ ಮೋಟಾರು ಗಾಡಿಗೆ ಪೇಟೆಂಟು ಪಡೆದ. ಗಾಡಿಯನ್ನು ಕೊಳ್ಳುವವರು ಮಾತ್ರ ಮುಂದೆ ಬರಲಿಲ್ಲ. ೧೮೮೮ರ ಆಗಸ್ಟ್ ತಿಂಗಳಲ್ಲಿ ಒಂದು ದಿನ ಬರ್ತಾ ಪತಿಗೆ ಮೊದಲೇ ತಿಳಿಸದೆ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಅದೇ ಗಾಡಿಯಲ್ಲಿ ಮಾನ್‌ಹೈಮ್ ಪಟ್ಟಣದಿಂದ ನೂರು ಕಿಲೊಮೀಟರಿಗೂ ದೂರದ ತನ್ನ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು.

ದಾರಿಯಲ್ಲಿ ಗುಡ್ಡಗಳಿದ್ದವು. ಏರು ಬಂದಲ್ಲೆಲ್ಲ ಗಾಡಿ ಸೋತಿತು. ಮಕ್ಕಳು ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಇನ್ನೊಂದು ಸಂಕಟ. ಮರದ ಬ್ರೇಕುಗಳು ಸವೆದುಹೋಗತೊಡಗಿದವು. ಆಕೆ ದಾರಿಯಲ್ಲಿ ಒಬ್ಬ ಚಮ್ಮಾರನನ್ನು ಕಂಡು ಬ್ರೇಕಿನ ಮರಕ್ಕೆ ಚರ್ಮ ಹೊಡೆಸಿಕೊಂಡಳು. ಊರಿಗೆ ಮರಳಿದ ಮೇಲೆ ಗುಡ್ಡ ಹತ್ತುವುದಕ್ಕಾಗಿ ಇನ್ನೊಂದು ಗೇರನ್ನು ಅಳವಡಿಸಬೇಕೆಂದು ಪತಿಗೆ ಸಲಹೆಯಿತ್ತಳು. ಏರಿಗೆ ಗೇರು, ಇಳಿಜಾರಿಗೆ ಬ್ರೇಕು – ಮೋಟಾರು ವಿದ್ಯೆಯ ಈ ಎರಡು ಪಾಠಗಳು ಒಂದೇ ಪ್ರಯಾಣದಲ್ಲಿ ದೊರೆತವು. ಇಳಿಜಾರಿನಲ್ಲಿಯೂ ಗೇರಿಗೆ ಕೆಲಸವಿದೆಯೆಂಬುದು ಮೂರನೆಯ ಪಾಠ. ಅದನ್ನು ಮುಂದೆ ನೋಡೋಣ.

ಎಡಗಾಲಿನ ವಿದ್ಯೆ

ನಿಂತಿರುವ ಕಾರಿನ ಚಕ್ರದ ವೇಗ ಸೊನ್ನೆ. ತಿರುಗುತ್ತಿರುವ ಎಂಜಿನ್ನಿನ ವೇಗ ೮೦೦. ಗೇರು ಎಷ್ಟೇ ಇಳಿಸಿದರೂ ೮೦೦ನ್ನು ಸೊನ್ನೆಗೆ ಹೊಂದಿಸಲಾರದು. ಈ ಕಂದರವನ್ನು ದಾಟಿಸುವ ಸೇತುವೆಯೇ ಕ್ಲಚ್ಚು. ಅದರಲ್ಲಿ ಎಂಜಿನ್ನಿನೊಡನೆ ತಿರುಗುವ ಒಂದು ಲೋಹದ ಮುಖವೂ, ಗೇರುಪೆಟ್ಟಿಗೆಯೊಡನೆ ತಿರುಗುವ, ಘರ್ಷಣೆ ಹೆಚ್ಚಿರುವ ವಸ್ತುವನ್ನು ಹೊದಿಸಿದ ಒಂದು ತಟ್ಟೆಯೂ ಇರುತ್ತವೆ. ಬಲವಾದ ಸ್ಪ್ರಿಂಗು ಎರಡನ್ನೂ ಒತ್ತಿ ಹಿಡಿದಿರುತ್ತದೆ. ಎಡಗಾಲಿನಿಂದ ಪೆಡಲನ್ನು ಒತ್ತಿದರೆ ಅವು ಬೇರ್ಪಡುತ್ತವೆ. ಮೆಲ್ಲನೆ ಬಿಟ್ಟರೆ ತಟ್ಟೆ ಮೊದಲು ಜಾರುತ್ತಾ, ಆಮೇಲೆ ಹಿಡಿಯುತ್ತಾ, ಕೊನೆಗೆ ಎಂಜಿನ್ನಿನೊಡನೆ ಒಂದಾಗಿ ತಿರುಗುತ್ತದೆ. ಈ ಜಾರುವ ಕ್ಷಣಗಳನ್ನು ಪಾದದಿಂದ ಅಳೆಯುವುದೇ ಹೊಸಬರಿಗೆ ಕಷ್ಟವಾಗುವ ಭಾಗ. ಬೇಗ ಬಿಟ್ಟರೆ ಕಾರು ಮುಗ್ಗರಿಸಿ ಎಂಜಿನು ನಿಲ್ಲುತ್ತದೆ. ಅರ್ಧ ಒತ್ತಿಕೊಂಡೇ ಇದ್ದರೆ ತಟ್ಟೆ ಉಜ್ಜಿ ಉಜ್ಜಿ ಸುಟ್ಟುಹೋಗುತ್ತದೆ.

ಹಿಂದಿನವರಿಗೆ ಇನ್ನೂ ಒಂದು ತೊಡಕಿತ್ತು. ಬೇರೆ ಬೇರೆ ವೇಗಗಳಲ್ಲಿ ತಿರುಗುವ ಹಲ್ಲುಗಳು ಒಂದನ್ನೊಂದು ಕಚ್ಚುವಾಗ ಕರಕರನೆ ಅರಚುತ್ತಿದ್ದವು. ಅದನ್ನು ತಪ್ಪಿಸಲು ಒಂದು ಗೇರು ಬದಲಾವಣೆಗೆ ಎರಡು ಬಾರಿ ಕ್ಲಚ್ಚು ಒತ್ತಿ, ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಂದಾಜು ಮಾಡಿ ಹೊಂದಿಸಬೇಕಾಗಿತ್ತು. ೧೯೨೮ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರನ ಉಪಾಯವೊಂದು ಬಳಕೆಗೆ ಬಂದಿತು. ಹಲ್ಲುಗಳು ಕಚ್ಚುವ ಮೊದಲೇ ಶಂಕುವಿನಾಕಾರದ ಭಾಗಗಳು ಪರಸ್ಪರ ಉಜ್ಜಿ ವೇಗಗಳನ್ನು ಸಮಮಾಡುವ ಈ ಏರ್ಪಾಟಿಗೆ ಸಿಂಕ್ರೊಮೆಶ್ ಎಂದು ಹೆಸರು. ಇಂದಿನ ಗೇರಿನ ಕಾರುಗಳಲ್ಲೆಲ್ಲ ಇದುಂಟು. ಹೀಗೆ ಚಾಲಕನ ಕೈಚಳಕದ ಒಂದು ಭಾಗವನ್ನು ಯಂತ್ರ ಅಂದೇ ವಹಿಸಿಕೊಂಡಿತು. "ಅಸಲಿ" ಗೇರಿನ ಕಾರು ಎಂದು ಹೆಮ್ಮೆ ಪಡುವವರೂ ಈ ಸಹಾಯವನ್ನು ದಿನವೂ ಪಡೆಯುತ್ತಿದ್ದಾರೆಂಬುದನ್ನು ಮರೆಯಬಾರದು.

ಯಂತ್ರಕ್ಕೆ ವಹಿಸಿದ ಭಾರ

ಉಳಿದ ಭಾಗವನ್ನೂ ಯಂತ್ರಕ್ಕೇ ಒಪ್ಪಿಸಿದರೆ ದೊರೆಯುವುದು ಆಟೋಮ್ಯಾಟಿಕ್ ಕಾರು. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗತೊಡಗುವುದಲ್ಲವೆ? ಗಾಳಿಯ ಬದಲು ಎಣ್ಣೆಯನ್ನು ತುಂಬಿದರೆ ಕ್ಲಚ್ಚಿನ ತಟ್ಟೆ ಮಾಡುವ ಕೆಲಸವನ್ನು ಎಣ್ಣೆಯೇ ಮಾಡುತ್ತದೆ. ಈ ತತ್ತ್ವಕ್ಕೆ ಜರ್ಮನಿಯ ಹರ್ಮನ್ ಫೋಟಿಂಗರ್ ೧೯೦೫ರಲ್ಲಿ ಪೇಟೆಂಟು ಪಡೆದ; ಅವನ ಮನಸ್ಸಿನಲ್ಲಿದ್ದುದು ಕಾರಲ್ಲ, ಹಡಗು. ೧೯೩೯ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲಿ ಹೈಡ್ರಾಮ್ಯಾಟಿಕ್ ಎಂಬ ಹೆಸರಿನಿಂದ, ಎಣ್ಣೆಯ ಜೋಡಣೆಯೂ ತಾನೇ ಬದಲಾಗುವ ಗೇರುಗಳೂ ಸೇರಿದ ಪೆಟ್ಟಿಗೆ ಮಾರಾಟಕ್ಕೆ ಬಂದಿತು. ಕ್ಲಚ್ಚಿನ ಪೆಡಲು ಮಾಯವಾಯಿತು.

ನಮ್ಮ ದೇಶದಲ್ಲಿ ಆಟೋಮ್ಯಾಟಿಕ್ ಕಾರು ಬಹುಕಾಲ ಸಿರಿವಂತರ ವಸ್ತುವಾಗಿತ್ತು. ೨೦೧೪ರಲ್ಲಿ ಮಾರುತಿಯ ಸೆಲೆರಿಯೊ ಕಾರಿನೊಡನೆ ಒಂದು ಅಗ್ಗದ ಮಾರ್ಗ ತೆರೆಯಿತು. ಎ.ಎಂ.ಟಿ. ಎಂದು ಕರೆಯುವ ಈ ಬಗೆಯಲ್ಲಿ ಗೇರುಪೆಟ್ಟಿಗೆ ಹಳೆಯದೇ, ಕ್ಲಚ್ಚಿನ ತಟ್ಟೆಯೂ ಹಳೆಯದೇ. ತಟ್ಟೆಯನ್ನು ಬಿಡಿಸುವುದನ್ನೂ ಗೇರು ಸರಿಸುವುದನ್ನೂ ಚಾಲಕನ ಕೈಕಾಲುಗಳ ಬದಲು ಕಂಪ್ಯೂಟರಿನ ಅಪ್ಪಣೆಯಂತೆ ಯಂತ್ರವೊಂದು ಮಾಡುತ್ತದೆ. ಗೇರು ಎಲ್ಲಿಗೂ ಹೋಗಿಲ್ಲ. ನಮ್ಮ ಕಣ್ಣಿಗೆ ಮರೆಯಾಗಿದೆ.

ನಿಜವಾಗಿ ಗೇರು ಬದಲಾವಣೆಯನ್ನೇ ತ್ಯಜಿಸಿರುವುದು ವಿದ್ಯುತ್ ಕಾರು. ವಿದ್ಯುತ್ ಮೋಟಾರು ಎತ್ತಿನಂತೆ. ನಿಂತಲ್ಲಿಂದಲೇ ಪೂರ್ಣ ಬಲದಿಂದ ತಿರುಗಿಸಬಲ್ಲುದು. ನಿಮಿಷಕ್ಕೆ ಸಾವಿರಾರು ಸುತ್ತುಗಳವರೆಗೂ ಓಡಬಲ್ಲುದು. ಆದುದರಿಂದ ಸಾಮಾನ್ಯವಾಗಿ ಅದಕ್ಕೆ ಬದಲಾಗದ ಒಂದೇ ಗೇರು ಸಾಕು. ೨೦೦೧ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರಿನಲ್ಲಿ ಕ್ಲಚ್ಚೂ ಇರಲಿಲ್ಲ, ಗೇರು ಬದಲಾಯಿಸುವ ಕೆಲಸವೂ ಇರಲಿಲ್ಲ. ನನ್ನ ಸೊಸೆಯ ವಾದಕ್ಕೆ ಇದು ಬಲವಾದ ಸಾಕ್ಷಿಯೆಂದು ಒಪ್ಪಲೇಬೇಕು.

ಆಗುಂಬೆಯ ಇಳಿಜಾರಿನಲ್ಲಿ

ಈಗ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಕಾರು ಕಲಿತ ಹೊಸತರಲ್ಲಿ, ನಾಲ್ವರು ಗೆಳೆಯರು ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟಿದ್ದೆವು. ಆಗುಂಬೆ ದಾಟಿ ಘಟ್ಟದ ಇಳಿಜಾರು ಮೊದಲಾದೊಡನೆ ನಾನು ಗೇರನ್ನು ನ್ಯೂಟ್ರಲಿಗೆ ತಂದೆ. ಇಳಿಜಾರಿನಲ್ಲಿ ಕಾರು ತಾನೇ ಓಡುತ್ತದೆ. ಪೆಟ್ರೋಲು ಉಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿದ್ದೆ. ತಿರುವು ಬಂದಾಗಲೆಲ್ಲ ಬ್ರೇಕು, ತಿರುವು ಕಳೆದ ಮೇಲೂ ಬ್ರೇಕು. ಅರ್ಧಕ್ಕಿಂತ ಹೆಚ್ಚು ಘಟ್ಟ ಇಳಿದಿರಬಹುದು. ಒಂದು ತಿರುವಿನ ಮುಂದೆ ಪೆಡಲನ್ನು ಒತ್ತಿದರೆ ಅದು ಹಿಂದಿಗಿಂತ ಆಳಕ್ಕೆ ಇಳಿಯಿತು. ಕಾರಿನ ವೇಗ ತಗ್ಗಲಿಲ್ಲ. ಎದುರಿಗೆ ರಸ್ತೆಯ ಅಂಚಿನ ಗೋಡೆ. ಅದರಾಚೆ ಮರಗಳ ತುದಿ. ಕಲಿಸಿದವರು ಎಂದೋ ಹೇಳಿದ್ದು ನೆನಪಾಗಿ, ಮೂರನೆಯ ಗೇರಿಗೆ, ತತ್‌ಕ್ಷಣ ಎರಡನೆಯದಕ್ಕೆ ಹಾಕಿದೆ. ಎಂಜಿನು ಅಬ್ಬರಿಸಿತು, ಕಾರು ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಧಾನವಾಯಿತು. ಕೈಬ್ರೇಕನ್ನೂ ಎಳೆದು ರಸ್ತೆಯ ಬದಿಗೆ ನಿಲ್ಲಿಸಿದೆವು. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆಯೊಡನೆ ತೆಳ್ಳಗೆ ಹೊಗೆ ಬರುತ್ತಿತ್ತು. ಒಂದು ಗಂಟೆಯ ಕಾಲ ಅಲ್ಲಿಯೇ ಕುಳಿತಿದ್ದೆವು. ಯಾರೂ ಹೆಚ್ಚು ಮಾತನಾಡಲಿಲ್ಲ.

ಆ ದಿನ ನಡೆದುದೇನು? ೧೨೦೦ ಕಿಲೋಗ್ರಾಂ ತೂಗುವ ಕಾರು ೪೦೦ ಮೀಟರು ಎತ್ತರದಿಂದ ಇಳಿಯುವುದೆಂದು ಭಾವಿಸೋಣ. ಎತ್ತರದಲ್ಲಿದ್ದಾಗ ಅದರಲ್ಲಿ ಅಡಗಿದ್ದ ಪ್ರಚ್ಛನ್ನ ಶಕ್ತಿ ೧೨೦೦ × ೯.೮ × ೪೦೦, ಅಂದರೆ ಸುಮಾರು ೪೭ ಲಕ್ಷ ಜೂಲುಗಳು. ಕೆಳಗೆ ತಲಪುವಾಗ ವೇಗ ಹೆಚ್ಚಿರಬಾರದೆಂದರೆ ಈ ಶಕ್ತಿಯೆಲ್ಲ ಎಲ್ಲಿಯಾದರೂ ಕರಗಬೇಕು. ಗಾಳಿ ಮತ್ತು ಟೈರುಗಳು ಸ್ವಲ್ಪವನ್ನು ಹೀರಿಕೊಳ್ಳುತ್ತವೆ. ನ್ಯೂಟ್ರಲಿನಲ್ಲಿ ಇಳಿದರೆ ಮಿಕ್ಕುದೆಲ್ಲ ಬ್ರೇಕುಗಳಲ್ಲಿ ಉಷ್ಣವಾಗಬೇಕು. ೪೭ ಲಕ್ಷ ಜೂಲುಗಳೆಂದರೆ ೧೬ ಲೀಟರು, ಹೆಚ್ಚುಕಡಮೆ ಒಂದು ಕೊಡ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಉಷ್ಣ. ಇದೇ ಉಷ್ಣ ಬ್ರೇಕುಗಳ ಇಪ್ಪತ್ತು ಕಿಲೋಗ್ರಾಂ ಕಬ್ಬಿಣದಲ್ಲಿ ಸೇರಿ ಹೊರಬೀಳದೆ ಉಳಿದರೆ ಕಬ್ಬಿಣದ ಉಷ್ಣತೆ ೫೦೦ ಡಿಗ್ರಿಗಳಷ್ಟು ಏರುತ್ತದೆ. ಬೀಸುವ ಗಾಳಿ ಒಂದಷ್ಟನ್ನು ಒಯ್ಯುತ್ತದೆ, ನಿಜ. ಆದರೆ ಬಿಡುವಿಲ್ಲದೆ ಬ್ರೇಕು ಒತ್ತಿದರೆ ಗಾಳಿಗೂ ಅವಕಾಶ ಸಾಲದು. ೧೨ ಟನ್ನಿನ ಲಾರಿಯಾದರೆ ಇದರ ಹತ್ತರಷ್ಟು.

ಬ್ರೇಕು ಅತಿಯಾಗಿ ಕಾದಾಗ ಎರಡು ಅಪಾಯಗಳುಂಟು. ಮೊದಲನೆಯದಾಗಿ, ಬ್ರೇಕಿನ ಪ್ಯಾಡುಗಳ ಘರ್ಷಣೆ ಕುಂದುತ್ತದೆ. ಎಷ್ಟು ಒತ್ತಿದರೂ ಹಿಡಿತ ಸಾಲದು. ಎರಡನೆಯದು ಇನ್ನೂ ಭಯಂಕರ. ಕಾಲಿನ ಒತ್ತಡವನ್ನು ಚಕ್ರಕ್ಕೆ ಒಯ್ಯುವುದು ಒಂದು ದ್ರವ. ಬಳಕೆಯಲ್ಲಿರುವ ಒಂದು ಬಗೆಯ ದ್ರವ ಹೊಸದಾಗಿರುವಾಗ ೨೦೫ ಡಿಗ್ರಿಯವರೆಗೆ ಕುದಿಯದು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಹಳತಾದಂತೆ ಕುದಿಯುವ ಬಿಂದು ೧೪೦ ಡಿಗ್ರಿಯ ವರೆಗೂ ಇಳಿಯಬಹುದು. ದ್ರವ ಕುದಿದು ಆವಿಯ ಗುಳ್ಳೆಗಳಾದರೆ, ದ್ರವವನ್ನು ಒತ್ತಬೇಕಾದ ಕಾಲು ಆವಿಯನ್ನು ಒತ್ತುತ್ತದೆ. ಆವಿ ಕುಗ್ಗುತ್ತದೆ, ಪೆಡಲು ನೆಲಕ್ಕೆ ಹೋಗುತ್ತದೆ, ಚಕ್ರಕ್ಕೆ ಸುದ್ದಿಯೇ ತಲಪುವುದಿಲ್ಲ.

ಗೇರು ಹಾಕಿ ಇಳಿದಾಗ ಬ್ರೇಕಿನ ಭಾರವನ್ನು ಎಂಜಿನು ಹಂಚಿಕೊಳ್ಳುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಸಿರಿಂಜಿನ ಬಾಯಿಗೆ ಬೆರಳಿಟ್ಟು ಹಿಡಿಯನ್ನು ಹಿಂದಕ್ಕೆಳೆದರೆ ಎಷ್ಟು ಬಿಗಿಯುವುದೋ ನೋಡಿ. ಮುಚ್ಚಿದ ಬಾಗಿಲಿನ ಹಿಂದೆ ಪಿಸ್ಟನ್ನುಗಳ ಪಾಡು ಅಂತಹುದೇ. ಜೊತೆಗೆ ಎಂಜಿನ್ನಿನ ಒಳಗಿನ ಘರ್ಷಣೆ. ಈಗ ಚಕ್ರವೇ ಎಂಜಿನ್ನನ್ನು ಎಳೆದು ತಿರುಗಿಸಬೇಕು. ಆ ಶ್ರಮದಲ್ಲಿ ಕಾರಿನ ಶಕ್ತಿ ವ್ಯಯವಾಗುತ್ತದೆ. ಗೇರು ಎಷ್ಟು ಕೆಳಗಿನದೋ ತಡೆ ಅಷ್ಟು ಹೆಚ್ಚು. ಏರಿನಲ್ಲಿ ಬಲವನ್ನು ಹೆಚ್ಚಿಸಿದ ಸನ್ನೆಗೋಲೇ ಇಳಿಜಾರಿನಲ್ಲಿ ತಡೆಯನ್ನೂ ಹೆಚ್ಚಿಸುತ್ತದೆ. ಹುಟ್ಟಿದ ಉಷ್ಣವನ್ನು ಹೊರಹಾಕಲು ಎಂಜಿನ್ನಿಗೆ ರೇಡಿಯೇಟರೂ ಹೊಗೆಕೊಳವೆಯೂ ಇವೆ. ಬ್ರೇಕಿಗೆ ಅಂತಹ ಸೌಕರ್ಯವಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ಬಾಗಿಲಿನಿಂದಾಗುವ ಈ ತಡೆ ಕಡಮೆ. ಅದಕ್ಕಾಗಿಯೇ ಅನೇಕ ದೊಡ್ಡ ಲಾರಿ, ಬಸ್ಸುಗಳಲ್ಲಿ ಹೊಗೆಯ ದಾರಿಯನ್ನು ತಡೆದು ಎಂಜಿನ್ನನ್ನು ಬಿಗಿಹಿಡಿಯುವ ಪ್ರತ್ಯೇಕ ಬ್ರೇಕನ್ನು ಇಡುತ್ತಾರೆ.

ಪೆಟ್ರೋಲು ಉಳಿಯುವುದೆಂಬ ನಂಬಿಕೆಯ ಗತಿಯೇನು? ಇಂಧನವನ್ನು ಕಂಪ್ಯೂಟರು ಅಳೆದು ಕೊಡುವ ಇಂದಿನ ಕಾರುಗಳಲ್ಲಿ, ಗೇರಿನಲ್ಲಿಯೇ ಇದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವುದರಿಂದ ಇಂಧನದ ಪೂರೈಕೆ ನಿಂತೇ ಹೋಗುತ್ತದೆ. ನ್ಯೂಟ್ರಲಿನಲ್ಲಿಯಾದರೋ ಎಂಜಿನು ಬದುಕಿರಲು ಇಂಧನ ಉರಿಯುತ್ತಲೇ ಇರಬೇಕು. ಉಳಿಸಲೆಂದು ಮಾಡಿದ್ದು ಖರ್ಚಿಗೇ ದಾರಿಯಾಯಿತು! ಎಂಜಿನ್ನನ್ನೇ ಆರಿಸಿ ಇಳಿಯುವವರು ಇನ್ನೂ ಹೆಚ್ಚಿನ ಗಂಡಾಂತರಕ್ಕೆ ಕೈಹಾಕುತ್ತಾರೆ. ಎಂಜಿನು ನಿಂತ ಮೇಲೆ ಒಂದೆರಡು ಬಾರಿ ಒತ್ತುವಷ್ಟರಲ್ಲಿ ಬ್ರೇಕಿಗೆ ದೊರೆಯುತ್ತಿದ್ದ ನೆರವು ತೀರಿಹೋಗುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ. ಬೀಗದಕೈಯನ್ನು ಹೊರಕ್ಕೆ ತೆಗೆದರೆ ಸ್ಟಿಯರಿಂಗೇ ಬಿಗಿದುಕೊಳ್ಳಬಹುದು.

ಆಟೋಮ್ಯಾಟಿಕ್ ಕಾರಿಗೆ ಘಟ್ಟವಿಲ್ಲವೆ?

"ಇವೆಲ್ಲ ಗೇರಿನ ಕಾರಿನವರ ಕಷ್ಟ, ನನಗೇಕೆ?" ಎಂದು ಸೊಸೆ ಕೇಳಿದಳು. ಪ್ರಶ್ನೆ ಸರಿಯಾದುದೇ. ಆದರೆ ಇಳಿಜಾರಿನಲ್ಲಿ ಕರಗಬೇಕಾದ ಶಕ್ತಿ ಯಾವ ಕಾರಿಗೂ ರಿಯಾಯಿತಿ ತೋರುವುದಿಲ್ಲ. ಆಟೋಮ್ಯಾಟಿಕ್ ಕಾರಿನ ಯಂತ್ರಕ್ಕೆ ಮುಂದಿನ ರಸ್ತೆ ಕಾಣದು. ಕಾಲು ಆಕ್ಸಿಲರೇಟರಿನಿಂದ ತೆಗೆದೊಡನೆ ಹಲವು ಕಾರುಗಳು ಮೇಲಿನ ಗೇರಿಗೇ ಹೋಗಿ ಕುಳಿತುಬಿಡುತ್ತವೆ. ಎಂಜಿನ್ನಿನ ತಡೆ ತೀರ ಕಡಮೆಯಾಗುತ್ತದೆ. ಅದಕ್ಕಾಗಿಯೇ ಗೇರಿನ ಹಿಡಿಯ ಬಳಿ 'ಎಲ್' ಎಂದೋ '೨' ಎಂದೋ ಗುರುತಿರುತ್ತದೆ, ಇಲ್ಲವೆ ಕೈಯಿಂದ ಗೇರು ಇಳಿಸುವ ಒಂದು ಏರ್ಪಾಟಿರುತ್ತದೆ. ಗೇರು ಏಕಿದೆಯೆಂದು ತಿಳಿಯದವರಿಗೆ ಆ ಗುರುತುಗಳು ಅಲಂಕಾರ ಮಾತ್ರ.

ವಿದ್ಯುತ್ ಕಾರು ಈ ವಿಷಯದಲ್ಲಿ ಜಾಣ. ಇಳಿಜಾರಿನಲ್ಲಿ ಅದರ ಮೋಟಾರು ಡೈನಮೊ ಆಗಿ ಕಾರನ್ನು ತಡೆಯುತ್ತಾ, ವ್ಯರ್ಥವಾಗುತ್ತಿದ್ದ ಶಕ್ತಿಯಲ್ಲಿ ಒಂದು ಪಾಲನ್ನು ಬ್ಯಾಟರಿಗೆ ತುಂಬುತ್ತದೆ. ಆದರೆ ತುಂಬಿದ ಕೊಡಕ್ಕೆ ನೀರು ಸುರಿಯಲಾದೀತೆ? ಘಟ್ಟದ ಮೇಲಿನ ಊರಿನಲ್ಲಿ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿಯಲು ಹೊರಟರೆ ಈ ತಡೆ ಬಹಳ ಕಡಮೆಯಾಗಬಹುದು. ಆಗ ಸಾಮಾನ್ಯ ಬ್ರೇಕೇ ಗತಿ. ಗೇರು ಹೋದರೂ ಗೇರಿನ ಪಾಠ ಹೋಗಲಿಲ್ಲ.

ಹಾಗಾದರೆ ತೀರ್ಪೇನು?

ಗೇರಿನ ಕಾರನ್ನು ಕಲಿಯಬೇಕೆಂಬವರ ವಾದದಲ್ಲಿ ಹುರುಳಿಲ್ಲದಿಲ್ಲ. ನಮ್ಮ ರಸ್ತೆಗಳಲ್ಲಿ ಗೇರಿನ ಕಾರುಗಳು ಇಂದಿಗೂ ಹೇರಳವಾಗಿವೆ. ಅಪರಾತ್ರಿಯಲ್ಲಿ ರೋಗಿಯೊಬ್ಬರನ್ನು ಕರೆದೊಯ್ಯಬೇಕಾದಾಗ ಅಂಗಳದಲ್ಲಿ ನಿಂತಿರುವುದು ಯಾವ ಕಾರೋ ಹೇಳಲಾಗದು. ಇದಕ್ಕೆ ಕಾನೂನಿನ ಒಂದು ಅಂಶವನ್ನೂ ಸೇರಿಸಬೇಕು. ನಮ್ಮ ೧೯೮೮ರ ಮೋಟಾರು ವಾಹನಗಳ ಕಾಯಿದೆ ಮೋಟಾರ್‌ಸೈಕಲ್ಲುಗಳಲ್ಲಿ ಗೇರುಳ್ಳವು, ಗೇರಿಲ್ಲದವು ಎಂದು ಎರಡು ವರ್ಗ ಮಾಡಿದೆ. ಕಾರುಗಳಿಗೆ ಮಾತ್ರ 'ಲಘು ಮೋಟಾರು ವಾಹನ'ವೆಂಬ ಒಂದೇ ವರ್ಗ. ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವರು ಮರುದಿನವೇ ಗೇರಿನ ಕಾರಿನಲ್ಲಿ ಕೂರಬಹುದು. ತಡೆಯುವವರು ಯಾರೂ ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ, ಆಟೋಮ್ಯಾಟಿಕ್ಕಿನಲ್ಲಿ ಪರೀಕ್ಷೆ ಕೊಟ್ಟವರಿಗೆ ಆಟೋಮ್ಯಾಟಿಕ್ಕಿಗೆ ಮಾತ್ರ ಅನುಮತಿ. ಜರ್ಮನಿಯಲ್ಲಿ ೨೦೨೧ರ ಏಪ್ರಿಲಿನಿಂದ ಒಂದು ಮಧ್ಯಮಾರ್ಗ ಬಂದಿದೆ. ಪರೀಕ್ಷೆಯನ್ನು ಆಟೋಮ್ಯಾಟಿಕ್ಕಿನಲ್ಲಿ ಕೊಟ್ಟರೂ, ಗೇರಿನ ಕಾರಿನಲ್ಲಿ ಕಡಮೆಯೆಂದರೆ ಹತ್ತು ಪಾಠಗಳನ್ನು ಮುಗಿಸಿ ತರಬೇತಿ ಶಾಲೆಯಲ್ಲಿ ತಮ್ಮ ಹಿಡಿತವನ್ನು ತೋರಿಸಿದವರು ಎರಡನ್ನೂ ನಡೆಸಬಹುದು. ಅ ದೇಶಗಳಲ್ಲಿ ಕಾನೂನು ಹೊತ್ತಿರುವ ಹೊಣೆಯನ್ನು ನಮ್ಮಲ್ಲಿ ಕಲಿಯುವವರೇ ಹೊರಬೇಕಾಗಿದೆ.

ಆದರೆ ಗೇರು ಹಾಕಲು ಬಾರದವರು ಚಾಲಕರೇ ಅಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಎಡಗಾಲಿನ ಶಕ್ತಿಯನ್ನು ಕಳೆದುಕೊಂಡವರಿಗೆ ಕ್ಲಚ್ಚಿಲ್ಲದ ಕಾರು ಸ್ವಾತಂತ್ರ್ಯದ ಬಾಗಿಲನ್ನೇ ತೆರೆದಿದೆ. ಬೆಂಗಳೂರಿನ ಸಂಜೆಯ ದಟ್ಟಣೆಯಲ್ಲಿ ಮೊಣಕಾಲು ಸೋತವರಿಗೆ ಅದರ ಬೆಲೆ ಗೊತ್ತು. ಹೊಸದಾಗಿ ಕಲಿಯುವವರ ಗಮನ ಗೇರಿನ ಹಿಡಿಯಿಂದ ಬಿಡುಗಡೆಯಾಗಿ ರಸ್ತೆಯ ಮೇಲೆ ನಿಲ್ಲುವುದೂ ಚಿಕ್ಕ ಲಾಭವಲ್ಲ. ಗೇರು ಹಾಕುವವರು ಹೆಚ್ಚು ಜಾಗರೂಕರೆಂದು ಹೇಳುವುದುಂಟು. ಅಜಾಗರೂಕರಿಗೆ ಯಾವ ಗೇರೂ ಬುದ್ಧಿ ಕಲಿಸದು. ಆ ದಿನ ಆಗುಂಬೆಯಲ್ಲಿ ನನ್ನ ಕೈಯಲ್ಲಿದ್ದುದು ಗೇರಿನ ಕಾರೇ ಅಲ್ಲವೆ? ಗೇರು ಹಾಕುವುದು ನನಗೆ ಚೆನ್ನಾಗಿ ಬರುತ್ತಿತ್ತು. ಗೇರು ಏಕಿದೆಯೆಂಬುದು ತಿಳಿದಿರಲಿಲ್ಲ.

ಆದುದರಿಂದ ನಾನು ಕೊಟ್ಟ ತೀರ್ಪು ಹೀಗಿತ್ತು. ದೇಹ ಒಪ್ಪುವುದಾದರೆ, ಅವಕಾಶವಿದ್ದರೆ, ಗೇರಿನ ಕಾರಿನಲ್ಲಿ ಕೆಲವು ವಾರ ಕಲಿಯುವುದು ಮೇಲು. ಎಂಜಿನ್ನಿನ ಸ್ವಭಾವವನ್ನು ಕೈಗೂ ಕಾಲಿಗೂ ಕಿವಿಗೂ ತಿಳಿಸಿಕೊಡುವ ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಅದಾಗದವರು ಆಟೋಮ್ಯಾಟಿಕ್ಕನ್ನೇ ಕಲಿಯಲಿ; ಅದರಲ್ಲಿ ಕೀಳರಿಮೆ ಬೇಡ. ಆದರೆ ಸ್ಟಿಯರಿಂಗ್ ಹಿಡಿಯುವ ಯಾರೂ ತಪ್ಪಿಸಿಕೊಳ್ಳಲಾಗದ ಪಾಠವೊಂದಿದೆ. ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ಒಂದು ಏರನ್ನು ಯಾವ ಗೇರಿನಲ್ಲಿ ಹತ್ತುವೆವೋ ಅದೇ ಗೇರಿನಲ್ಲಿ ಅದನ್ನು ಇಳಿಯಬೇಕೆಂಬ ಹಳೆಯ ಚಾಲಕರ ನಿಯಮ ಇಂದಿಗೂ ಒಳ್ಳೆಯದು. ಬ್ರೇಕನ್ನು ಉದ್ದಕ್ಕೂ ಉಜ್ಜುತ್ತಾ ಇಳಿಯದೆ, ಬೇಕಾದಾಗ ದೃಢವಾಗಿ ಒತ್ತಿ, ವೇಗ ತಗ್ಗಿದೊಡನೆ ಬಿಟ್ಟು, ಆರಲು ಅವಕಾಶ ಕೊಡಬೇಕು. ನ್ಯೂಟ್ರಲಿನಲ್ಲಿ ಎಂದೂ ಇಳಿಯಬಾರದು.

ಭಾವನವರಿಗೆ ತೀರ್ಪು ಪೂರ್ಣ ಸಮಾಧಾನ ತರಲಿಲ್ಲ, ಸೊಸೆಗೂ ಇಲ್ಲ. ಆದರೂ ಅವಳು ಗೇರಿನ ಕಾರಿನಲ್ಲಿಯೇ ಕಲಿತಳು. ಮೊದಲ ವಾರ ಎಂಜಿನು ಎಷ್ಟು ಬಾರಿ ನಿಂತಿತೆಂಬುದನ್ನು ಅವಳು ಹೇಳುವುದಿಲ್ಲ. ಲೈಸೆನ್ಸು ಬಂದ ಮೇಲೆ ಆ ವರ್ಷದ ಡಿಸೆಂಬರಿನಲ್ಲಿ ನಾವೆಲ್ಲ ಉಡುಪಿಗೆ ಹೊರಟೆವು. ಆಗುಂಬೆಯ ಮೊದಲ ತಿರುವಿಗೆ ಮುಂಚೆಯೇ, ಯಾರೂ ಹೇಳದೆ, ಅವಳು ಎರಡನೆಯ ಗೇರಿಗೆ ಬಂದಳು. ಎಂಜಿನು ಗುಂಯ್ಗುಡುತ್ತಾ, ಕಾರನ್ನು ಹಿಡಿದುಕೊಂಡು, ಒಂದೊಂದೇ ತಿರುವನ್ನು ಇಳಿಸಿತು. ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ ಇಳಿದವಳು ಮುಂದಿನ ಚಕ್ರದ ಬಳಿ ಬಗ್ಗಿ ಮೂಸಿ ನೋಡಿದಳು. ಸುಟ್ಟ ವಾಸನೆ ಇರಲಿಲ್ಲ. "ಸರಿಯಾಗಿದೆ, ಮಾವ" ಎಂದಳು. ಕಾಫಿ ಕುಡಿದು ಮುಂದಕ್ಕೆ ಹೊರಟೆವು.